ಗೋವಾದಿಂದ ಬಂದ ನೀಲಿ ಹೊದಿಕೆ

ಇದು ನಡೆದ ಕತೆ. ನಂಬದವರು ಸೊರಬಕ್ಕೆ ಬಂದು ಹರ್ಷವರ್ಧನನ ಮನೆಯ ಕರುವನ್ನು ಕೇಳಬಹುದು. ಬಾಯಿ ಬಿಡದೆ ಸಾಕ್ಷಿ ಹೇಳಿದ್ದು ಅದೊಂದೇ.

ಅಂದು ಬೆಳಿಗ್ಗೆ ಸುರೇಶ, ಪ್ರವಾಸಿಗರನ್ನು ಬಳ್ಳಿಗಾವಿಗೆ ಒಯ್ಯುವ ತನ್ನ ಟೆಂಪೊ ಒರೆಸುತ್ತಿದ್ದಾಗ ಪಕ್ಕದ ಜಗಲಿಯಿಂದ ಅಳು ಕೇಳಿಸಿತು. ಅದು ನಿವೃತ್ತ ಮೇಷ್ಟ್ರು ಚಂದ್ರಶೇಖರಪ್ಪನವರ ಜಗಲಿ. ಊರಲ್ಲಿ ಏನು ಕಳೆದರೂ ಮೊದಲು ಅಲ್ಲಿಗೆ, ಆಮೇಲೆ ಠಾಣೆಗೆ. ಮೇಷ್ಟ್ರು ಯಾರ ದನಿಯನ್ನಾದರೂ ಅಣಕಿಸಬಲ್ಲರು. ಅವರ ಪತ್ತೇದಾರಿ ಸವಾರಿಗೆಲ್ಲ ಸುರೇಶನೇ ಸಾರಥಿ.

ಅಳುತ್ತಿದ್ದವಳು ಪ್ರಮೀಳಾ, ಶಿಕಾರಿಪುರದ ಕಡೆಯ ಕುರಿ ಸಾಕುವ ಮನೆಯವಳು. ಅವಳು ಉಣ್ಣೆ ನೂಲುತ್ತಾಳೆ, ಗಂಡ ಮಾಳೇಶ ಕಂಬಳಿ ನೇಯುತ್ತಾನೆ.

"ನನ್ನ ಕಳ್ಳಿ ಅಂತಾರ್ರೀ ಅಜ್ಜಾರ! ಹೋಂಸ್ಟೇ ಹರ್ಷಣ್ಣಾರು ಗೋವಾದಿಂದ ತಂದ ಫಾರಿನ್ ಹೊದಿಕೆ ಕದ್ದು, ಅದರ ಜಾಗಕ್ಕ ನಮ್ಮ ಕಂಬಳಿ ಇಟ್ಟೀನಂತ. ನಿನ್ನೆ ಸಂಜಿಕೆ ಮಾರಾಕ ಹೋಗಿದ್ದು ಖರೆ. ಅವರಿಲ್ಲಂತ ಜಗಲಿ ಮ್ಯಾಲೆ ಕುಂತು ತಿರುಗಿ ಬಂದೆ. ಕಂಬಳಿ ನಮ್ಮದ ಹೌದ್ರಿ, ಅಂಚಿನ ಗಂಟು ನಮ್ಮನಿಯೋರದು. ಆದ್ರ ನಾ ಇಟ್ಟಿಲ್ಲ! ಈ ಮಾತು ಹಬ್ಬಿದ್ರ ಯಾವ ಹೋಂಸ್ಟೇದೋರೂ ನಮ್ಮ ಕಂಬಳಿ ಮುಟ್ಟಂಗಿಲ್ಲ."

"ಬೇರೆ ಯಾರಿಗೆ ಮಾರ್ತೀಯಮ್ಮ?"

"ಶಿಕಾರಿಪುರದ ಸಂತ್ಯಾಗ ರೀ. ಹೊರಗಿನ ವ್ಯಾಪಾರಿಗಳು ಗಂಟು ಕಟ್ಟಿ ಒಯ್ತಾರ."

ಮೂವರೂ ಟೆಂಪೊ ಏರಿದರು. ಹರ್ಷವರ್ಧನ ಗೇಟಿನಲ್ಲೇ ಶುರುಮಾಡಿದ.

"ಅದರ ಗತ್ತೇ ಬೇರೆ ಮೇಷ್ಟ್ರೇ! ಸಮುದ್ರದ ನೀಲಿ. ನಡುವೆ ಉದ್ದಕ್ಕೆ ಒಂದು ಡಿಸೈನ್ ಗೆರೆ. ಇವತ್ತು ಪುಣೆಯ ಟೂರ್ ಕಂಪನಿಯವ್ರು ರೂಮು ನೋಡೋಕೆ ಬರ್ತಾರೆ, ಅವರಿಗಂತಲೇ ತಂದಿದ್ದು. ನಿನ್ನೆ ಇಡೀ ದಿನ ನಾನು ಮನೇಲಿರ್ಲಿಲ್ಲ. ಬೆಳಿಗ್ಗೆ ನೋಡಿದ್ರೆ ಮಂಚದ ಮೇಲೆ ಈ ಬೂದು ಕಂಬಳಿ!"

"ನಿಮ್ಮಮ್ಮ ಎಲ್ಲಿ?" ಮೇಷ್ಟ್ರು ಕೇಳಿದರು.

"ಮೊದಲ್ನೇ ಬಸ್ಸಿಗೇ ಚಂದ್ರಗುತ್ತಿಗೆ ಹೋದ್ರು. ಫೋನ್ ಇಲ್ಲೇ ಬಿಟ್ಟಿದ್ದಾರೆ."

ಮೇಷ್ಟ್ರು ಕಂಬಳಿಯನ್ನು ಮೂಸಿದರು. ಸೋಪಿನ ವಾಸನೆ. ಹಿತ್ತಿಲಿಗೆ ನಡೆದರು. ಒಗೆಯುವ ಕಲ್ಲಿನ ಪಕ್ಕ ಕಟ್ಟಿದ್ದ ಕರುವನ್ನು ಕಂಡು ಸುರೇಶನಿಗೆ ನಗು ತಡೆಯಲಾಗಲಿಲ್ಲ. ಅದರ ಮೂತಿ ಕಡುನೀಲಿ!

"ಸಾರ್, ಇದು ಇಂಕು ಕುಡಿದಿದೆ!"

"ಪರೀಕ್ಷೆ ಬರೆದು ಬಂದಿರ್ಬೇಕು ಬಿಡೋ. ಪ್ರಮೀಳಾ, ನೂಲಿಗೆ ಯಾತರ ಗಂಜಿ ಹಾಕ್ತೀರಿ?"

"ಹುಣಸೆ ಬೀಜದ್ದು ರೀ."

ಮೇಷ್ಟ್ರು ಜಗಲಿಯಲ್ಲಿ ಕೂತು ಚಹಾ ಕೇಳಿದರು. ಹರ್ಷನ ತಾಯಿ ತುಂಗಮ್ಮ ಬಸ್ಸಿಳಿದು ಅಂಗಳಕ್ಕೆ ಬಂದ ಮೇಲೆಯೇ ಮೇಷ್ಟ್ರು ಎಲ್ಲರನ್ನೂ ಮಂಚದ ಸುತ್ತ ಕರೆದರು.

"ಇಲ್ಲಿ ಕಳ್ಳತನವೇ ಆಗಿಲ್ಲ. ನೀಲಿ ಹೊದಿಕೆ ನಿಮ್ಮ ಕಣ್ಣೆದುರಿಗೇ ಇದೆ," ಎಂದು ಕಂಬಳಿಯ ನಡುವಿನ ಹೊಲಿಗೆಯನ್ನು ಬಿಡಿಸಿ ತೋರಿಸಿದರು. ಸಂದಿಯಲ್ಲಿ ನೀಲಿ ಹಾಗೇ ಉಳಿದಿತ್ತು!

"ಕಂಬಳಿ ಮಗ್ಗ ಕಿರಿದು. ಎರಡು ಪಟ್ಟಿ ನೇಯ್ದು ನಡುವೆ ಹೊಲೀತಾರೆ. ಹರ್ಷಪ್ಪ, ನಿನ್ನ ಡಿಸೈನ್ ಗೆರೆ ಅದೇ! ಸಂತೆಯಲ್ಲಿ ಕೊಂಡ ವ್ಯಾಪಾರಿ ಗೋವಾಕ್ಕೆ ಒಯ್ದ. ಅಲ್ಲಿ ಮೇಲೆ ಮೇಲೆ ಬಣ್ಣ ಬಳಿದರು. ಆಮೇಲೆ ಅಂಗಡಿಯವ..." ಮೇಷ್ಟ್ರು ಮೂಗಿನಲ್ಲಿ ಉಲಿದರು, "'ಬಾಸ್, ಯುರೋಪ್ ಮಾಲ್! ಲಾಸ್ಟ್ ಪೀಸ್!' ನಿನ್ನೆ ಯಾರೋ ಇದನ್ನು ಸೋಪು ಹಾಕಿ ಒಗೆದರು. ಬಣ್ಣವೂ ಗಂಜಿಯೂ ನೀರಿಗಿಳಿದವು. ಗಂಜಿ ರುಚಿಗೆ ಕರು ಬಾಯಿ ಹಾಕಿತು. ಬಿಸಿಲಿಗೆ ಒಣಗಿದ ಕಂಬಳಿ ಮಂಚಕ್ಕೆ ಮರಳಿತು. ನೀನಿಲ್ಲದಾಗ ಮನೇಲಿದ್ದವರು ಒಬ್ಬರೇ. ಅಲ್ವಾ ತುಂಗಮ್ಮಾ?"

ತುಂಗಮ್ಮ ಸೆರಗು ಬಾಯಿಗಿಟ್ಟುಕೊಂಡರು. "ಹೌದು ಮಾರಾಯ್ರೆ! ಯಾರ್ಯಾರು ಮುಟ್ಟಿದ್ದೋ ಏನೋ, ತೊಳೀದೆ ಬಂದವರ ಮಂಚಕ್ಕೆ ಹಾಸೋದುಂಟಾ? ಬಣ್ಣ ಹೋಗಿ ನಮ್ಮ ಕಡೆ ಕಂಬಳಿ ಎದ್ದು ಬಂತು. ಇವನ ಪೆಚ್ಚು ಮುಖ ನೋಡ್ಬೇಕಂತ ಮಡಚಿಟ್ಟು ಸುಮ್ಮನಾದೆ. ಇವನು ಈ ಹುಡುಗಿ ಮೇಲೆ ಎಗರ್ತಾನೆ ಅಂತ ಯಾರಿಗೆ ಗೊತ್ತಿತ್ತು? ತಪ್ಪಾಯ್ತು ಮಗಳೇ."

ಹರ್ಷವರ್ಧನನ ಕಿವಿ ಕೆಂಪಾಗಿತ್ತು. "ಅವ್ವಂದಲ್ಲ, ತಪ್ಪು ನಂದು ತಂಗಿ. ಕಳ್ಳಿ ಅಂದ ಬಾಯಲ್ಲೇ ಊರಿಗೆಲ್ಲ ಹೇಳಿ ಬರ್ತೀನಿ. ಎಲ್ಲಾ ರೂಮಿಗೂ ನಿಮ್ಮ ಕಂಬಳೀನೇ ಬೇಕು, ತಂದ್ಕೊಡು."

ಪ್ರಮೀಳಾ ಕಣ್ಣೊರೆಸಿಕೊಂಡಳು. "ತರ್ತೀನ್ರಿ ಅಣ್ಣಾರ. ಎಲ್ಲಿ ತಂದುಕೊಡ್ಲಿ? ಇಲ್ಲೋ, ಗೋವಾದಾಗೋ?"

ಸುರೇಶ ಗೋಡೆಗೆ ಒರಗಿದ. ಮೇಷ್ಟ್ರ ಕನ್ನಡಕ ಜಾರಿತು. ಆದರೆ ಎಲ್ಲರಿಗಿಂತ ಜೋರಾಗಿ ನಕ್ಕವನು ಹರ್ಷವರ್ಧನ. ಪುಣೆಯ ಗಾಡಿ ಅಂಗಳಕ್ಕೆ ಬಂದು ಹಾರ್ನ್ ಹೊಡೆದದ್ದೂ ಅವನಿಗೆ ಕೇಳಿಸಲಿಲ್ಲ.