ಎಂಜಿನ್ ಸದ್ದಿನ ಮರೆಯಲ್ಲಿ

ಡೀಸೆಲ್ ಎಂಜಿನ್ ಓಡುತ್ತಿರುವಾಗ ಪ್ರೀತಿಯ ಮಾತಾಡುವುದು ಆಗದ ಹೋಗದ ಕೆಲಸ. "ಆ ಸ್ಪ್ಯಾನರ್ ಕೊಡಿ" ಅನ್ನುವುದನ್ನೇ ಗಂಟಲು ಹರಿಯುವಂತೆ ಕೂಗಬೇಕು. ಇನ್ನು "ನೀವಂದ್ರೆ ನಂಗಿಷ್ಟ" ಅನ್ನುವುದನ್ನು ಹಾಗೆ ಕೂಗಿದರೆ, ಕೋಸಿನ ಮಡಿಯಲ್ಲಿ ಕಳೆ ಕೀಳುತ್ತಿರುವವರೆಲ್ಲ ಎದ್ದು ನಿಂತು ನೋಡುತ್ತಾರೆ.

ಪುಟ್ಟಿ ಇದಕ್ಕೊಂದು ಉಪಾಯ ಕಂಡುಕೊಂಡಿದ್ದಳು. ವಯಸ್ಸು ಮೂವತ್ತು ದಾಟಿದ್ದರೂ, ತರಕಾರಿ ತೋಟದ ಇಡೀ ಕಾರುಬಾರು ಅವಳ ಕೈಯಲ್ಲಿದ್ದರೂ, ಮಾರುಕಟ್ಟೆಯಲ್ಲಿ ಘಟಾನುಘಟಿಗಳ ಬಾಯಿ ಮುಚ್ಚಿಸುತ್ತಿದ್ದರೂ, ಮನೆಯಲ್ಲಿ ಅವಳಿನ್ನೂ ಪುಟ್ಟಿಯೇ. ತೋಟಕ್ಕೆ ನೀರೆತ್ತುವ ಎಂಜಿನ್ನಿನ ರಿಪೇರಿಗೆ ಬರುವ ಮೆಕ್ಯಾನಿಕ್ ಬಗ್ಗಿ ಕೂತಾಗ ಅವಳು ಅವನ ಬೆನ್ನ ಹಿಂದೆ ನಿಂತು, ಮಾಮೂಲಿ ದನಿಯಲ್ಲಿ, ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಬಿಡುತ್ತಿದ್ದಳು.

"ಈ ನೀಲಿ ಶರ್ಟ್ ನಿಮಗೆ ಚೆನ್ನಾಗಿ ಒಪ್ಪುತ್ತೆ."

"ಹೋದ ವಾರ ನೀವು ಬರ್ಲಿಲ್ಲ. ನಂಗೆ ಊಟಾನೇ ಸೇರ್ಲಿಲ್ಲ."

ಎಂಜಿನ್ನಿನ ದಡದಡ ಸದ್ದು ಅದೆಲ್ಲವನ್ನೂ ನುಂಗಿಹಾಕುತ್ತಿತ್ತು. ಒಮ್ಮೊಮ್ಮೆ ಅವನು ತಿರುಗಿ, "ಏನಾದ್ರೂ ಹೇಳಿದ್ರಾ?" ಎಂದು ಕೂಗುತ್ತಿದ್ದ. "ಟೀ ಬೇಕಾ ಅಂದೆ," ಎಂದು ಇವಳು ಕೂಗುತ್ತಿದ್ದಳು. ಅವನು ತಲೆಯಾಡಿಸುತ್ತಿದ್ದ. ಹೀಗಾಗಿ ಆ ಮನುಷ್ಯ ಆ ತೋಟದಲ್ಲಿ ಕುಡಿದ ಟೀಗೆ ಲೆಕ್ಕವೇ ಇರಲಿಲ್ಲ.

ಅವನಿಗೆ ಸುತ್ತಲಿನ ತೋಟದವರೆಲ್ಲ ಸೇರಿ ಇಟ್ಟ ಹೆಸರು ಡಾಕ್ಟರ್. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು, ಕಣ್ಣು ಮುಚ್ಚಿ ಕೇಳುತ್ತಿದ್ದ. ಎಲ್ಲಿ ಸವೆದಿದೆ, ಎಲ್ಲಿ ಸಡಿಲವಾಗಿದೆ ಎಂದು ಅದರಲ್ಲೇ ಗೊತ್ತಾಗುತ್ತಿತ್ತಂತೆ. ಆಗ ಅವನ ತುಟಿಗಳು ಮೆಲ್ಲಗೆ ಅಲುಗುತ್ತಿದ್ದವು. ಎಂಜಿನ್ನಿನ ಬಡಿತ ಎಣಿಸುತ್ತಾನೆ ಎಂದುಕೊಂಡಿದ್ದಳು ಪುಟ್ಟಿ. ಏನಾದರೂ ಎಣಿಸಿಕೊಳ್ಳಲಿ, ಅವನ ಕಣ್ಣು ಮುಚ್ಚಿರುವಷ್ಟು ಹೊತ್ತು ಇವಳು ಕಣ್ತುಂಬ ನೋಡಬಹುದಿತ್ತು. ಗಲ್ಲದ ಮೇಲೆ ಯಾವಾಗಲೂ ಇರುತ್ತಿದ್ದ ಮಸಿಯ ಗೀಟು ಆ ದಿನ ಎಡಗಡೆಯೋ ಬಲಗಡೆಯೋ ಎಂಬುದೂ ಅವಳಿಗೆ ದೊಡ್ಡ ಸುದ್ದಿ.

ಈ ಸುಖಕ್ಕೆ ಕಲ್ಲು ಹಾಕಿದವನು ಸ್ವತಃ ಅವನೇ.

ಒಂದು ದಿನ ಎಂಜಿನ್ ಚಾಲೂ ಮಾಡಲು ಹ್ಯಾಂಡಲ್ ಹೊಡೆಯುವಾಗ ಅದು ಉಲ್ಟಾ ಒದ್ದು ಅಪ್ಪನ ಭುಜ ಜಾರಿತು. ಅಂದಿನಿಂದ ಹ್ಯಾಂಡಲ್ ಪುಟ್ಟಿಯ ಪಾಲಿಗೆ ಬಂತು. ಡಾಕ್ಟರ್ ಬಂದವನು ಎಂಜಿನ್ ನೋಡಿದ, ಅಪ್ಪನ ಭುಜ ನೋಡಿದ, ಟೀ ಲೋಟ ಚಾಚಿದ ಪುಟ್ಟಿಯ ಬೊಬ್ಬೆ ಎದ್ದ ಅಂಗೈಯನ್ನು ಸ್ವಲ್ಪ ಹೆಚ್ಚೇ ಹೊತ್ತು ನೋಡಿದ.

"ಯಜಮಾನ್ರೇ, ಇದನ್ನ ಬಿಟ್ಬಿಡಿ ಇನ್ನು. ಕರೆಂಟ್ ಮೋಟರ್ ಹಾಕ್ಸಿ. ಬಟನ್ ಒತ್ತಿದ್ರೆ ನೀರು."

ಜಗಲಿಯಲ್ಲಿ ಬೀನ್ಸ್ ಆರಿಸುತ್ತಿದ್ದ ಸೋದರತ್ತೆ ನಕ್ಕಳು. "ಅಲ್ಲಪ್ಪಾ ಡಾಕ್ಟರೇ, ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಳ್ತೀರಲ್ಲ. ಮೋಟರ್ ಬಂದ್ರೆ ನಿಮ್ಮನ್ನ ಯಾರು ಕರೀತಾರೆ?"

"ಕರೀದಿದ್ರೆ ಬೇಡ ಬಿಡಿ," ಎಂದ ಅವನು, ಲೋಟದೊಳಗೆ ನೋಡುತ್ತ.

ಪುಟ್ಟಿಗೆ ಮೈಯೆಲ್ಲ ಉರಿದುಹೋಯಿತು. ಇವನಿಗೆ ಇಲ್ಲಿಗೆ ಬಂದು ಬಂದು ಸಾಕಾಗಿದೆ. ಬಾಯಿಬಿಟ್ಟು ಹೇಳಲಾರದೆ ಮೋಟರ್ ನೆಪ ತೆಗೆದಿದ್ದಾನೆ. ಹಾಗೆಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡಳು.

ಅಷ್ಟಾದರೂ ಮೋಟರ್ ಹಾಕಿಸಲು ಮನಸ್ಸು ಬರಲಿಲ್ಲ. ಕೋಸು ಕೊಯ್ಲಾಗಲಿ ಎಂದಳು. ಬೀನ್ಸ್ ಒಂದು ಮುಗಿಯಲಿ ಎಂದಳು. "ಕೋಸೂ ಮುಗೀತು, ಬೀನ್ಸೂ ಮುಗೀತು. ನಿನ್ನ ನೆಪ ಮಾತ್ರ ಮುಗೀಲಿಲ್ಲ ನೋಡು," ಎಂದಳು ಅತ್ತೆ. ಅತ್ತೆಯ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ.

ಒಂದು ಬೆಳಿಗ್ಗೆ ಪುಟ್ಟಿ ಮಾರುಕಟ್ಟೆಯಿಂದ ಬಂದಾಗ, ಅಪ್ಪ ಪಂಪ್ ಶೆಡ್ಡಿನಲ್ಲಿ ಎಡಗೈಯೊಂದರಲ್ಲೇ ಹ್ಯಾಂಡಲ್ ತಿರುಗಿಸಲು ಹೆಣಗುತ್ತಿದ್ದ. ಹಣೆಯೆಲ್ಲ ಬೆವರು. ಅವಳನ್ನು ಕಂಡು ಕಳ್ಳನಂತೆ ನಕ್ಕ. "ನಿಂಗೆ ಕೈನೋವು ಅಲ್ವಾ ಮಗಳೇ, ಅದಕ್ಕೆ."

ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತನ್ನ ಒಲವಿಗೆ ಅಪ್ಪನ ಭುಜವನ್ನು ಒತ್ತೆಯಿಟ್ಟಿದ್ದಳಲ್ಲ. ನಿಂತ ಕಾಲಲ್ಲೇ ವೈರ್‌ಮನ್‌ಗೆ ಫೋನ್ ಮಾಡಿದಳು. ಆಮೇಲೆ ಡಾಕ್ಟರ್‌ಗೆ.

"ಮೋಟರ್ ಹಾಕಿಸ್ತಿದೀವಿ. ಹಳೇ ಎಂಜಿನ್ ನಿಮಗೆ ಬೇಕಾ?"

"ಬೇಕು," ಎಂದ. "ಇಲ್ಲಿ ಎಲ್ಲರೂ ಕರೆಂಟಿಗೆ ಹೋಗ್ತಿದಾರೆ ಮೇಡಂ. ನಾನು ಬಂದರಿನ ಕಡೆ ಹೋಗೋಣ ಅಂತಿದೀನಿ. ಅಲ್ಲಿ ದೋಣಿ ಎಂಜಿನ್ ಕೆಲಸ ಇದೆ. ಆ ಎಂಜಿನ್ನೂ ಜೊತೆಗೆ ಒಯ್ತೀನಿ."

"ಒಳ್ಳೇದಾಯ್ತು," ಎಂದಳು. ಫೋನ್ ಇಟ್ಟ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡದ್ದನ್ನು ಅತ್ತೆ ನೋಡಿದಳು.

ಮೋಟರ್ ಕೂರಿಸಿದ ದಿನ ಹಸಿರು ಬಟನ್ ಒತ್ತುವ ಮರ್ಯಾದೆ ಅಪ್ಪನಿಗೆ ಸಿಕ್ಕಿತು. ಒತ್ತಿದ. ಗುಂಯ್ ಎಂಬ ಸಣ್ಣ ದನಿ ಬಂತು, ಅಷ್ಟೇ. ಹೊಗೆಯಿಲ್ಲ, ಅದುರಾಟವಿಲ್ಲ. ಎಲ್ಲರೂ ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಪೈಪಿನ ಬಾಯಿಂದ ನೀರು ಧುಮುಕಿತು. "ಬಂತು, ಬಂತು," ಎಂದು ಅತ್ತೆ ಪಕ್ಕದಲ್ಲೇ ನಿಂತಿದ್ದ ವೈರ್‌ಮನ್‌ನ ಕಿವಿಯಲ್ಲಿ ಕಿರುಚಿದಳು. ಶೆಡ್ಡಿನಲ್ಲಿ ಕೂಗದೆ ಮಾತಾಡಿ ಗೊತ್ತಿದ್ದವರು ಆ ಮನೆಯಲ್ಲಿ ಯಾರೂ ಇರಲಿಲ್ಲ. ನೀರು ಕೊನೆಯ ಮಡಿ ಮುಟ್ಟುವುದನ್ನು ನೋಡಲು ಮೂವರೂ ಕಾಲುವೆಯ ಗುಂಟ ಹೊರಟರು.

ಶೆಡ್ಡಿನಲ್ಲಿ ಉಳಿದವರು ಇಬ್ಬರೇ. ಡಾಕ್ಟರ್ ನೆಲಕ್ಕೆ ಬಗ್ಗಿ ಹಳೇ ಎಂಜಿನ್ನಿನ ಬೋಲ್ಟು ಬಿಚ್ಚುತ್ತಿದ್ದ. ನೀಲಿ ಶರ್ಟು. ಪುಟ್ಟಿ ಎಂದಿನ ಜಾಗದಲ್ಲಿ, ಅವನ ಬೆನ್ನ ಹಿಂದೆ ಬಂದು ನಿಂತಳು. ಅದೇ ಡೀಸೆಲ್ ವಾಸನೆ, ಅದೇ ಬಗ್ಗಿದ ಬೆನ್ನು, ಪಕ್ಕದಲ್ಲಿ ನೀರು ಸುರಿಯುತ್ತಿದೆ. ಅವಳ ನಾಲಿಗೆ ತನ್ನ ಹಳೇ ದಾರಿ ಹಿಡಿಯಿತು.

"ಹೋಗ್ಬೇಡಿ," ಎಂದಳು, ಮಾಮೂಲಿ ದನಿಯಲ್ಲಿ. "ಎಂಜಿನ್ ಬೇಕಾದ್ರೆ ಹೋಗ್ಲಿ. ನೀವು ಹೋಗ್ಬೇಡಿ. ನೀವು ಕುಡಿಯೋ ಲೋಟಾನ ನಾನು ಬೇರೆ ಯಾರಿಗೂ ಕೊಡಲ್ಲ, ಅದಾದ್ರೂ ಗೊತ್ತಾ ನಿಮಗೆ?"

ಸ್ಪ್ಯಾನರ್ ನಿಂತಿತು.

ಹೊರಗೆ ಯಾವುದೋ ಹಕ್ಕಿ ಕೂಗಿದ್ದು ಕೇಳಿಸಿತು. ಆ ಶೆಡ್ಡಿನಲ್ಲಿ ನಿಂತು ಅವಳು ಹಿಂದೆಂದೂ ಹಕ್ಕಿಯ ದನಿ ಕೇಳಿರಲಿಲ್ಲ. ಆಗ ಹೊಳೆಯಿತು, ಏನಾಗಿಹೋಯಿತೆಂದು. ಕಿವಿಯವರೆಗೂ ರಕ್ತ ಏರಿತು.

ಅವನು ನಿಧಾನವಾಗಿ ತಿರುಗಿದ. ಮಸಿಯ ಗೀಟು ಇವತ್ತು ಬಲಗಡೆ. "ಏನಾದ್ರೂ ಹೇಳಿದ್ರಾ?"

"ಟೀ... ಟೀ ಬೇಕಾ ಅಂದೆ."

"ಬೇಡ. ನಂಗೆ ಟೀ ಅಂದ್ರೆ ಆಗಲ್ಲ."

"ಆಗಲ್ವಾ? ಮತ್ತೆ ಇಷ್ಟು ವರ್ಷ ಕುಡಿದ್ರಲ್ಲ?"

"ಬೇಡ ಅಂದಿದ್ರೆ ನೀವು ಲೋಟ ಹಿಡ್ಕೊಂಡು ಮತ್ತೆ ಬರ್ತಿದ್ರಾ?"

ಪುಟ್ಟಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. "ಹಾಗಾದ್ರೆ ಮೋಟರ್ ಹಾಕ್ಸಿ ಅಂದಿದ್ಯಾಕೆ? ಬರೋಕೆ ಬೇಜಾರಾಗಿ ಅಲ್ವಾ?"

"ನಿಮ್ಮ ಕೈ ನೋಡಿದ್ಮೇಲೆ ಇನ್ನೇನು ಹೇಳ್ಲಿ?" ಅವನು ಅವಳ ಅಂಗೈಯತ್ತ ನೋಡಿದ. "ಆ ಎಂಜಿನ್ ಯಾಕೆ ಬೇಕು ಅಂದೆ ಗೊತ್ತಾ? ದೋಣಿಗೆ ಅದು ಹೊಂದಲ್ಲ. ಸುಮ್ನೆ ಇಟ್ಕೊಳ್ಳೋಕೆ. ನಾನು ಹೇಳಿದ್ದನ್ನೆಲ್ಲ ಕೇಳಿಸ್ಕೊಂಡಿರೋದು ಅದೊಂದೇ."

"ನೀವೇನು ಹೇಳ್ತಿದ್ರಿ ಅದಕ್ಕೆ?"

"ಸ್ಕ್ರೂಡ್ರೈವರ್ ಕಿವಿಗಿಟ್ಟು, ಕಣ್ಣು ಮುಚ್ಕೊಂಡು, ಬಂದಾಗಲೆಲ್ಲ ಹೇಳ್ತಿದ್ದೆನಲ್ಲ."

"ಎಣಿಸ್ತಿದೀರಿ ಅಂದ್ಕೊಂಡಿದ್ದೆ ನಾನು."

"ಅದರಲ್ಲಿ ಎಣಿಸೋಕೇನಿದೆ ಮೇಡಂ."

ದೂರದ ಮೂಲಂಗಿ ಮಡಿಯಿಂದ ಅಪ್ಪನ ದನಿ ಬಂತು. "ಪುಟ್ಟೀ, ಮೋಟರ್ ಆಫ್ ಮಾಡ್ಬಿಟ್ಯಾ? ಸದ್ದೇ ಇಲ್ಲ."

"ಓಡ್ತಾ ಇದೆ ಅಪ್ಪಾ," ಎಂದು ಕೂಗಿ, ಅವಳು ಕಣ್ಣೊರೆಸಿಕೊಂಡಳು. "ಮೋಟರೂ ಸುಟ್ಟುಹೋಗುತ್ತಂತಲ್ಲ. ಒಳಗಿನ ತಂತಿ ಕಾಯಿಲ್ ಮತ್ತೆ ಸುತ್ತೋಕೆ ಯಾರಾದ್ರೂ ಬೇಕಾಗ್ತಾರಂತೆ. ಕಲಿಯೋಕಾಗಲ್ವಾ ನಿಮಗೆ?"

"ವೈರ್‌ಮನ್‌ನ ಕೇಳಿದ್ದೆ. ಕಲಿಸ್ತೀನಿ ಅಂದ. ಇಲ್ಲಿರೋಕೆ ಕಾರಣ ಇದೆಯೋ ಇಲ್ವೋ ಗೊತ್ತಿರ್ಲಿಲ್ಲ, ಅದಕ್ಕೇ ಸುಮ್ಮನಿದ್ದೆ."

ಬಿಚ್ಚಿದ ಬೋಲ್ಟನ್ನು ಮತ್ತೆ ಅದರ ಜಾಗಕ್ಕೆ ಹಾಕಿ ಬಿಗಿದ. ಮಸಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಜೇಬಿನಿಂದ ಆ ಉದ್ದನೆಯ ಸ್ಕ್ರೂಡ್ರೈವರ್ ತೆಗೆದು, ತುದಿಯನ್ನು ಹೊಸ ಮೋಟರಿಗೆ ಒತ್ತಿ, ಹಿಡಿಯನ್ನು ಅವಳ ಕಿವಿಗೆ ಇಟ್ಟ. ಅವಳು ಕಣ್ಣು ಮುಚ್ಚಿದಳು. ಒಳಗೆಲ್ಲೋ ಹದವಾಗಿ, ಒಂದೇ ಸಮನೆ ತಿರುಗುವ ಸದ್ದು. ಇನ್ನೊಂದು ಕಿವಿಯ ಹತ್ತಿರ ಅವನು, ಮಾಮೂಲಿ ದನಿಯಲ್ಲಿ, ಎಂಜಿನ್ನಿಗೆ ಇಷ್ಟು ವರ್ಷ ಹೇಳಿದ್ದನ್ನು ಹೇಳಿದ.

ಪ್ರತಿಯೊಂದು ಮಾತೂ ಸ್ಪಷ್ಟವಾಗಿ ಕೇಳಿಸಿತು. ಆದರೂ ಅವಳು ಕಣ್ಣು ತೆರೆಯದೆ ಕೇಳಿದಳು.

"ಏನಾದ್ರೂ ಹೇಳಿದ್ರಾ?"

ಅವನು ನಕ್ಕು, ಮತ್ತೆ ಮೊದಲಿಂದ ಹೇಳಿದ.