ಹತ್ತಿರ ಹೋದರೆ ಇಳಿಯುವ ಡಿಗ್ರಿ

ಚಿಕ್ಕಪ್ಪ ಅವನನ್ನು ಕರೆಯುವುದೇ ಜುಗ್ಗ ಎಂದು. ಅವನೂ ನಗುತ್ತಲೇ ಓಗೊಡುತ್ತಾನೆ. ನಮ್ಮ ರಿಪೇರಿ ಅಂಗಡಿಗೆ ಕೆಲಸಕ್ಕೆ ಬಂದ ಮೊದಲ ದಿನವೇ, ನಾನು ಕಸಕ್ಕೆ ಹಾಕಿದ್ದ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಎತ್ತಿಕೊಂಡು, ಇದನ್ನು ಯಾಕೆ ಬಿಸಾಡಿದಿರಿ ಎಂದು ಕೇಳಿದ್ದ. ನನಗೋ ಕೋಪ ಮೂಗಿನ ತುದಿಯಲ್ಲೇ. ಅಷ್ಟು ಬೇಕಿದ್ದರೆ ಮನೆಗೆ ಹೊತ್ಕೊಂಡು ಹೋಗಿ ಎಂದುಬಿಟ್ಟೆ. ಪುಣ್ಯಾತ್ಮ, ನಿಜಕ್ಕೂ ಹೊತ್ತುಕೊಂಡು ಹೋದ.

ಮರುದಿನ ಅದರಿಂದ ಬಿಡಿಸಿದ ಸಾಸಿವೆ ಕಾಳಿನಷ್ಟು ಚಿಕ್ಕ, ಬಿಸಿ ಅಳೆಯುವ ಸೆನ್ಸರ್ ತಂದ. ಕೂದಲೆಳೆಯಂಥ ವೈರ್ ಬೆಸೆದು, ಹಳೆಯ ಡಿಸ್‌ಪ್ಲೇಗೆ ಜೋಡಿಸಿ, ಒಮ್ಮೆ ಐಸ್ ನೀರಿನಲ್ಲಿ, ಒಮ್ಮೆ ಕುದಿಯುವ ನೀರಿನಲ್ಲಿ ಅದ್ದಿ ಲೆಕ್ಕ ಸರಿಮಾಡಿದ. ಆಗ ಶಾಲೆಯೊಂದರಿಂದ ರಿಪೇರಿಗೆ ಬಂದಿದ್ದ ಹಳೆಯ ಕಂಪ್ಯೂಟರ್‌ಗಳು ಇದ್ದಕ್ಕಿದ್ದಂತೆ ಆಫ್ ಆಗುತ್ತಿದ್ದವು. ಪ್ರೊಸೆಸರ್ ಎಷ್ಟು ಕಾಯುತ್ತಿದೆ ಎಂದು ಅವುಗಳೇ ಹೇಳುವಂತಿರಲಿಲ್ಲ. ಒಳ್ಳೆಯ ಮೀಟರ್ ಕೊಡಿಸಿ ಎಂದು ನಾನು ಚಿಕ್ಕಪ್ಪನ ತಲೆ ತಿನ್ನುತ್ತಿದ್ದರೆ, ಇವನು ನನ್ನ ಕಸದಿಂದಲೇ ಅದನ್ನು ಮಾಡಿಬಿಟ್ಟಿದ್ದ! ಆ ಸಪೂರ ಬೆರಳುಗಳನ್ನು ನೋಡುತ್ತ ನಿಂತೇಬಿಟ್ಟೆ. ಬಾಯಲ್ಲಿ ಮಾತ್ರ, ಪರವಾಗಿಲ್ಲ ಎಂದೆ. ಅವನು ಅಷ್ಟಕ್ಕೇ ಕಿವಿಯವರೆಗೂ ಕೆಂಪಾದ.

ಹೀಗೇ ತಿಂಗಳುಗಳು ಕಳೆದವು. ನಿನ್ನೆ ಊಟದ ಹೊತ್ತಿಗೆ ಚಿಕ್ಕಪ್ಪ ಸುದ್ದಿ ಹೇಳಿದರು. ಬೇರೆ ಊರಿನಲ್ಲಿ ಇಂಥ ಸೆನ್ಸರ್‌ಗಳನ್ನೇ ತಯಾರಿಸುವ ಲ್ಯಾಬ್ ಒಂದು ಅವನನ್ನು ಕರೆದಿದೆಯಂತೆ, ಇವತ್ತು ಸಂಜೆಯೊಳಗೆ ಉತ್ತರ ಕೊಡಬೇಕಂತೆ. ಅವನು ಹೋಗುತ್ತಾನೆ ಎನ್ನುವ ಸಂಕಟ ಒಂದು ಕಡೆ, ನನಗೊಂದು ಮಾತು ಹೇಳಲಿಲ್ಲವಲ್ಲ ಎನ್ನುವ ಉರಿ ಇನ್ನೊಂದು ಕಡೆ.

ಆ ಉರಿಯಲ್ಲೇ ಇವತ್ತು ಶಾಲೆಯ ಕೊನೆಯ ಕಂಪ್ಯೂಟರ್ ಬಿಚ್ಚಿ ಆನ್ ಮಾಡಿದೆ. ಪ್ರೊಸೆಸರ್‌ನ ಬಿಸಿ ಹೀರುವ ಹೀಟ್‌ಸಿಂಕ್ ಜಿಡ್ಡು ಹಿಡಿದು, ಸೆನ್ಸರ್ ಹಚ್ಚುವ ಟೇಪ್ ಅಂಟಲಿಲ್ಲ. ಅವನು ಸೆನ್ಸರನ್ನು ಬೆರಳಿನಿಂದಲೇ ಅದರ ಬುಡಕ್ಕೆ ಒತ್ತಿ ಹಿಡಿದ. ಡಿಸ್‌ಪ್ಲೇ ನೋಡಲು ನಾನು ಅವನ ಭುಜದ ಪಕ್ಕ ಬಗ್ಗಿದೆ. ಡಿಗ್ರಿ ಇಳಿಯಿತು. ಸ್ಕ್ರೂಡ್ರೈವರ್ ತರಲು ಆಚೆ ಹೋದೆ, ಏರಿತು. ಮತ್ತೆ ಹತ್ತಿರ ಬಂದೆ, ಮತ್ತೆ ಇಳಿಯಿತು. ನಿಮ್ಮ ಸೆನ್ಸರ್ ಕೆಟ್ಟಿದೆ, ಈ ಕಡೆ ಕೊಡಿ ಎಂದು ಗದರಿ ಕೈ ಹಾಕಿದಾಗ ಅವನ ಬೆರಳು ತಾಗಿತು. ಅಬ್ಬಾ, ಕೊರೆಯುವಷ್ಟು ತಣ್ಣಗಿತ್ತು.

"ಹುಷಾರಿಲ್ವಾ?"

"ಚೆನ್ನಾಗೇ ಇದೀನಿ. ಸೆನ್ಸರೂ ಚೆನ್ನಾಗಿದೆ. ಹೆದರಿಕೆ ಆದ್ರೆ ನನ್ನ ಕೈ ತಣ್ಣಗಾಗುತ್ತೆ, ಡಿಗ್ರಿ ಇಳಿಯುತ್ತೆ."

"ನಾನೇನು ಹುಲಿನಾ?"

"ನಿಮಗೆ ಹೆದರಿ ಅಲ್ಲ." ಅವನು ತಲೆ ಎತ್ತಲಿಲ್ಲ. "ನನ್ನ ಮದುವೆ ಆಗ್ತೀರಾ ಅಂತ ಕೇಳಿದ್ರೆ, ಇಲ್ಲ ಅಂದ್ಬಿಡ್ತೀರೇನೋ ಅಂತ."

ನನ್ನ ಕೋಪ ಎಲ್ಲಿ ಹೋಯಿತೋ ದೇವರೇ ಬಲ್ಲ. ಆ ಕೈಯನ್ನು ಹಿಡಿದುಕೊಂಡೆ, ಬಿಡಲು ಮನಸ್ಸಾಗಲಿಲ್ಲ. ಲ್ಯಾಬ್‌ನವರಿಗೆ ಏನು ಹೇಳಲಿ, ನೀವು ಹೇಳಿದರೆ ಇಲ್ಲೇ ಉಳಿಯುತ್ತೇನೆ ಎಂದು ಅವನು ಮೆಲ್ಲಗೆ ಕೇಳಿದ. ಉಳೀರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಸದಿಂದ ಇಷ್ಟು ಮಾಡುವವನು ಅಲ್ಲಿ ಇನ್ನೇನೆಲ್ಲ ಮಾಡಬಹುದು ಎಂದು ನೆನೆದು ನುಂಗಿಕೊಂಡೆ.

"ಬರ್ತೀನಿ ಅಂತಾನೇ ಹೇಳಿ."

ಅವನ ಮುಖ ಬಾಡಿತು.

"ಹಾಗೇ, ರಿಪೇರಿ ಗೊತ್ತಿರೋ ಇನ್ನೊಬ್ಬರಿಗೂ ಕೆಲಸ ಇದೆಯಾ ಕೇಳಿ. ಸ್ವಲ್ಪ ಕೋಪ ಜಾಸ್ತಿ ಅಂತ ಮೊದಲೇ ಹೇಳ್ಬಿಡಿ."

ಅವನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ನನ್ನ ಕೈ ಬಿಡದೆಯೇ ಎಡಗೈಯಲ್ಲಿ ಲ್ಯಾಬ್‌ಗೆ ಫೋನ್ ಮಾಡಿದ. ತನ್ನ ಮಾತು ಎತ್ತುವ ಮೊದಲು ನನಗೊಂದು ಕೆಲಸ ಇದೆಯಾ ಎಂದು ಕೇಳಿದ.