ಬುಲ್ವೆ ಗೂಡಿನ ಜಗಳ

"ಏಯ್! ಕತ್ತಿ ಕೆಳಗಿಡು!"

ನಾಸ್ಸುನಾಳ ಕೂಗಿಗೆ ಜೌಗಿನ ಕೊಕ್ಕರೆಗಳೆಲ್ಲ ಎದ್ದು ಹಾರಿದವು.

ಅಪರಿಚಿತನೊಬ್ಬ ದೋಣಿ ನಿಲ್ಲಿಸಿಕೊಂಡು ಜೊಂಡು ಕಡಿಯುತ್ತಿದ್ದ. ಹತ್ತು ಮಾರು ಆಚೆಗೆ ಬುಲ್ವೆಯ ಗೂಡು! ಮನುಷ್ಯನ ಎದೆಯೆತ್ತರದ ಆ ಬೂದು ಹಕ್ಕಿಯನ್ನು ನೋಡಲೆಂದೇ ದೂರದೂರದವರು ಬಂದು ಜೌಗಿನಂಚಿನ ಲಾಡ್ಜಿನಲ್ಲಿ ತಂಗುತ್ತಿದ್ದರು. ಮೊನ್ನೆಯಷ್ಟೇ ಮರಿಯಾಗಿತ್ತು. ಅತಿಥಿಗಳಿಗೆ ಹಕ್ಕಿ ತೋರಿಸುವ ನಾಸ್ಸುನಾ ಕೂಡ ದುರ್ಬೀನಿನಲ್ಲೇ ನೋಡುತ್ತಿದ್ದಳು, ಹತ್ತಿರ ಹೋಗುತ್ತಿರಲಿಲ್ಲ.

"ನನ್ನ ಹೆಸರು ಕಾಯೆಂಬ. ಲಾಡ್ಜಿಗೆ ಹೊಸ ದೋಣಿಯವನು."

"ಹೊಸಬನಾದ್ರೆ ಕಣ್ಣು ಕಾಣಲ್ವಾ? ಗೂಡಿಗೆ ದಾರಿ ಮಾಡ್ತಿದೀಯಾ?"

"ದಾರಿ ಮುಚ್ತಿದೀನಿ, ನ್ಯಾಬೊ," ಅವನು 'ಅಮ್ಮಾವ್ರೇ' ಎನ್ನುವಷ್ಟೇ ಗೌರವದಿಂದ ಅಂದ. "ಜೊಂಡು ಕಡಿದು ಕಾಲುವೆಗೆ ತುಂಬ್ತಿದೀನಿ."

"ಯಾಕೆ? ಯಾರು ಬರ್ತಾರೆ ಇಲ್ಲಿಗೆ? ನಾಸ್ಸುನಾ ಕೇಳ್ತಿದಾಳೆ, ಹೇಳು!"

ಆ ಹೆಸರು ಕೇಳಿದ್ದೇ ಅವನ ಮುಖ ಬದಲಾಯಿತು. ತೆರೆದ ಬಾಯಿ ಮುಚ್ಚಿಕೊಂಡ.

'ಸುಳ್ಳುಗಾರ!' ಎಂದುಕೊಂಡಳು.

ಆದರೆ ಎರಡು ವಾರ ಒಂದೇ ದೋಣಿಯಲ್ಲಿ ಅಲೆದ ಮೇಲೆ, ಅವನಿಲ್ಲದ ಬೆಳಗು ಸಪ್ಪೆಯೆನಿಸತೊಡಗಿತು. ತನ್ನ ಮೇಲೆಯೇ ಸಿಟ್ಟು ಬಂತು ಅವಳಿಗೆ.

ಒಂದು ಮುಂಜಾನೆ ಗೂಡು ಖಾಲಿ!

ತಾಯಿಹಕ್ಕಿ ಖಾಲಿ ಗೂಡಿನ ಮೇಲೆ ನಿಂತು ಕೊಕ್ಕು ಬಡಿಯುತ್ತಿತ್ತು. ನಾಸ್ಸುನಾ ನೇರವಾಗಿ ಲಾಡ್ಜಿನ ಊಟದ ಚಾವಡಿಗೆ ನುಗ್ಗಿದಳು. ಅತಿಥಿಗಳೆಲ್ಲ ತಿಂಡಿಗೆ ಕೂತಿದ್ದರು.

"ಯಾರಿಗೆ ಮಾರಿದೆ ಮರಿನ?"

"ನಾನಲ್ಲ..." ಕಾಯೆಂಬ ಎದ್ದು ನಿಂತ.

"ಮತ್ಯಾರು? ಹೇಳೋ!"

ಅವನ ಕಣ್ಣು ಅಡುಗೆಮನೆಯ ಬಾಗಿಲಿನತ್ತ ಹೋಯಿತು. ಅಲ್ಲಿ ಅವಳ ತಮ್ಮ ಮುಸೋಕೆ ಬಾಳೆಕಾಯಿ ಸುಲಿಯುತ್ತಿದ್ದ. ಕಾಯೆಂಬ ತಲೆ ತಗ್ಗಿಸಿದ.

ಅಂದೇ ಅವನ ಕೆಲಸ ಹೋಯಿತು.

ಮರುದಿನ ಮನೆಯ ಹಿತ್ತಲಲ್ಲಿ ಗೋಣಿ ಮುಚ್ಚಿದ ಬುಟ್ಟಿಯೊಂದು ಅಲುಗಾಡಿತು. ನಾಸ್ಸುನಾ ಗೋಣಿ ಎತ್ತಿದಳು. ಒಳಗೆ ಬೂದು ತುಪ್ಪಳದ ಮರಿ... ಬಳಲಿತ್ತು, ಆದರೆ ಬದುಕಿತ್ತು!

"ಅಕ್ಕಾ, ಇದನ್ನ ಮಾರಿ ಬೈಕ್ ತಗೋಬೇಕಿತ್ತು..." ಮುಸೋಕೆ ಅತ್ತ. "ಕಾಯೆಂಬ ಮೊದಲ ದಿನವೇ ಗೂಡಿನ ಹತ್ರ ನನ್ನ ಹಿಡಿದಿದ್ದ. ನಮ್ಮಕ್ಕ ನಾಸ್ಸುನಾಗೆ ಹೇಳ್ಬೇಡ ಅಂತ ಕಾಲು ಹಿಡ್ಕೊಂಡಿದ್ದೆ."

ನಾಸ್ಸುನಾ ಒಂದು ಕಂಕುಳಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ತಮ್ಮನ ರಟ್ಟೆ ಹಿಡಿದು ಅರಣ್ಯ ಕಾವಲಿನವರ ಠಾಣೆಗೆ ನಡೆದಳು. ದಾರಿಯುದ್ದಕ್ಕೂ ಅತ್ತಳು, ಆದರೆ ಹಿಡಿತ ಸಡಿಲಿಸಲಿಲ್ಲ. ಮರಿಯನ್ನು ಸಾಕುವ ಹೊಣೆ ಕಾವಲಿನವರು ಹೊತ್ತರು.

ತಮ್ಮನನ್ನು ಅವರಿಗೊಪ್ಪಿಸಿ, ಅಲ್ಲಿಂದ ಲಾಡ್ಜಿಗೆ ಹೋಗಿ, ಎಲ್ಲರೆದುರು ತಪ್ಪೊಪ್ಪಿಕೊಂಡಳು. ಆಮೇಲೆ ದೋಣಿಗಟ್ಟೆಗೆ ಹೋದಳು. ಕಾಯೆಂಬ ಬಲೆ ಹೆಣೆಯುತ್ತಿದ್ದ.

"ಯಾಕೆ ಹೇಳಲಿಲ್ಲ?" ಅವಳು ಎದುರಿಗೆ ಹೋಗಿ ನಿಂತಳು.

"ಹೇಳಿದ್ರೆ ನಂಬ್ತಿದ್ಯಾ?"

"ಇಲ್ಲ! ಬೈತಿದ್ದೆ! ಬೈದು, ಆಮೇಲೆ ಹೋಗಿ ಹುಡುಕ್ತಿದ್ದೆ! ನಿನ್ನ ಮೌನಕ್ಕೆ ಆ ಮರಿ ಸಾಯ್ತಿತ್ತು, ಗೊತ್ತಾ?"

"ಗೊತ್ತು. ತಪ್ಪಾಯ್ತು. ಮುಸೋಕೆನ ಗದರಿಸಿದ್ರೆ ಬಿಡ್ತಾನೆ ಅನ್ಕೊಂಡಿದ್ದೆ."

"ನನ್ನ ಪಾಲಿನ ಸಂಕಟ ನನ್ನದು. ಅದನ್ನ ಬಚ್ಚಿಡೋಕೆ ನೀನ್ಯಾರು?"

"ಯಾರೂ ಅಲ್ಲ..." ಅವನು ಬಲೆ ಕೆಳಗಿಟ್ಟ. "ಆಗ್ಬೇಕು ಅಂತ ಆಸೆ. ನಿನ್ನ ಕಂಡ್ರೆ ನಂಗೆ ಪ್ರಾಣ, ನಾಸ್ಸುನಾ."

ಅವಳ ಕೆನ್ನೆಗಳು ಕಾದವು. ಕೋಪಕ್ಕೋ, ಇನ್ನೇತಕ್ಕೋ!

"ಎಲ್ಲರೆದುರು ನಿನ್ನ ಮರ್ಯಾದೆ ತೆಗೆದೆ. ಎಲ್ಲರೆದುರೇ ನನ್ನ ತಪ್ಪು ಅಂದು ಬಂದಿದೀನಿ. ಲಾಡ್ಜಿನವರು ಒಪ್ಪಿದಾರೆ, ನಾಳೆ ಕೆಲಸಕ್ಕೆ ಬಾ."

"ಕೋಪ ಹೋಯ್ತಾ?"

"ಇಲ್ಲ. ತುಂಬಾ ಇದೆ!"

"ಇಳಿಯೋ ತನಕ ಏನ್ಮಾಡ್ಲಿ?"

ಅವಳು ಅವನ ಪಕ್ಕದಲ್ಲೇ ಕೂತು, ಅವನ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಎದ್ದು ಹೋಗ್ಬೇಡ... ಅಷ್ಟು ಸಾಕು."